ಚೀಲದಲ್ಲಿ ಎರಡು ಕೋಲು

ಆಟ ಅಂದರೆ ಮಕ್ಕಳ ಕೆಲಸ ಎಂದು ಮೂಗು ಮುರಿಯುವವರು ಒಂದು ಸಂಜೆಯಾದರೂ ಆ ಮನೆಯ ಹಿಂದಿನ ಕೋಣೆಗೆ ಬಂದು ಕೂತಿದ್ದರೆ ಚೆನ್ನಾಗಿತ್ತು. ಕೋಣೆಯೇನೂ ದೊಡ್ಡದಲ್ಲ. ಗೋಡೆಗೆ ಒರಗಿಸಿಟ್ಟ ಗಾಜಿನ ತುಂಡುಗಳು, ಒಂದು ಮಂಚ, ಒಂದು ಮೇಜು, ಮೇಜಿನ ಮೇಲೆ ಎರಡು ಪರದೆ, ಎರಡು ಕೀಲಿಮಣೆ. ಮೇಜಿನ ಕೆಳಗೆ ಒಂದು ಹಳೇ ಕಂಪ್ಯೂಟರು ಸದಾ ಏದುಸಿರು ಬಿಡುತ್ತಿತ್ತು. ಊರಿನ ಬೇರೆ ಬೇರೆ ಮೂಲೆಗಳಲ್ಲಿದ್ದ ಹತ್ತು ಹನ್ನೆರಡು ಜನ ಕೆಲಸ ಮುಗಿಸಿ, ಮುಖ ತೊಳೆದುಕೊಂಡು, ತಮ್ಮ ತಮ್ಮ ಮನೆಯಿಂದಲೇ ಅಂತರ್ಜಾಲದ ಮೂಲಕ ಆ ಹಳೇ ಕಂಪ್ಯೂಟರಿಗೆ ಬಂದು ಸೇರುತ್ತಿದ್ದರು. ಅಲ್ಲಿ ನಡೆಯುತ್ತಿದ್ದದ್ದು ಅಣ್ಣನ ಕಾನೂನು.

ಅಣ್ಣ ಗಾಜಿನ ಕೆಲಸದವನು. ಕಿಟಕಿಗೆ, ಅಂಗಡಿಯ ಕಪಾಟಿಗೆ ಗಾಜು ಕೊಯ್ದು ಕೂರಿಸುವುದು ಅವನ ಕಸುಬು. ತಂಗಿ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿದ್ದಳು. ಮೇಣದ ಒಸಡಿನ ಮೇಲೆ ಒಂದೊಂದೇ ಹಲ್ಲನ್ನು ಸಾಲು ತಪ್ಪದಂತೆ ನಿಲ್ಲಿಸುವ ಕೆಲಸ. ಇಬ್ಬರೂ ಮದುವೆಯ ಗೊಡವೆಗೆ ಹೋದವರಲ್ಲ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಬಾಡಿಗೆಯ ಆ ಮೂರನೇ ಮಹಡಿಯ ಮನೆಯಲ್ಲಿ ಒಬ್ಬರ ಅಡುಗೆಯನ್ನು ಇನ್ನೊಬ್ಬರು ಬೈದುಕೊಳ್ಳುತ್ತ ಉಳಿದುಬಿಟ್ಟರು. ಸಂದಿಲ್ಲದಂತೆ ಕೂರಿಸುವುದೇ ಇಬ್ಬರ ಹೊಟ್ಟೆಪಾಡು, ಇನ್ನು ಈ ಆಟ ಬಿಟ್ಟು ಬೇರೆ ಯಾವುದು ರುಚಿಸೀತು ಎಂದು ಅಣ್ಣ ನಗುತ್ತಿದ್ದ.

ಆಟ ಎಲ್ಲರೂ ಒಮ್ಮೆಯಾದರೂ ನೋಡಿರುವಂಥದ್ದೇ. ಮೇಲಿನಿಂದ ನಾಲ್ಕು ನಾಲ್ಕು ಚೌಕಗಳ ಬಿಲ್ಲೆಗಳು ಬೀಳುತ್ತವೆ, ತಿರುಗಿಸಿ ಜೋಡಿಸಬೇಕು. ಸಾಲು ತುಂಬಿದರೆ ಅಳಿಯುತ್ತದೆ, ತುಂಬದಿದ್ದರೆ ರಾಶಿ ಬೆಳೆದು ಕಣದ ನೆತ್ತಿ ಮುಟ್ಟುತ್ತದೆ, ಅಲ್ಲಿಗೆ ಕಥೆ ಮುಗಿಯಿತು. ಹಲವರು ಒಟ್ಟಿಗೆ ಆಡುವಾಗ ಮಾತ್ರ ಈ ಸಾಧು ಆಟಕ್ಕೆ ಕೊಂಬು ಮೂಡುತ್ತದೆ. ನೀವು ಅಳಿಸಿದ ಸಾಲು ಎದುರಾಳಿಯ ಕಣದ ಅಡಿಯಲ್ಲಿ ಕಸವಾಗಿ ಏಳುತ್ತದೆ, ಅವರ ರಾಶಿಯನ್ನು ಅಷ್ಟೆತ್ತರ ಮೇಲಕ್ಕೆ ತಳ್ಳುತ್ತದೆ. ಎಲ್ಲಕ್ಕಿಂತ ದೊಡ್ಡ ಪೆಟ್ಟು ಉದ್ದನೆಯ ಬಿಲ್ಲೆಯದು, ಅವರ ಬಾಯಲ್ಲಿ ಅದಕ್ಕೆ ಕೋಲು ಎಂದು ಹೆಸರು. ಅಂಚಿನಲ್ಲಿ ಒಂದು ಓಣಿ ಖಾಲಿ ಬಿಟ್ಟುಕೊಂಡು ಕಾದು, ಕೋಲು ಬಂದಾಗ ಅದರೊಳಕ್ಕೆ ಇಳಿಸಿದರೆ ನಾಲ್ಕು ಸಾಲು ಒಮ್ಮೆಗೇ ಹೋಗುತ್ತವೆ. ಪಳಗಿದವರು ಆಡುವಾಗ ಬೆರಳು ಓಡುವುದು ಕಣ್ಣಿಗೆ ಕಾಣುವುದಿಲ್ಲ, ಕೀಲಿಮಣೆಯ ಸದ್ದೊಂದೇ ಕೇಳುತ್ತದೆ.

ಸಿಕ್ಕ ಆಟವನ್ನು ಸಿಕ್ಕ ಹಾಗೇ ಇಟ್ಟುಕೊಳ್ಳುವ ಜಾಯಮಾನ ಅಣ್ಣನದಲ್ಲ. ಅದರ ಹೊಟ್ಟೆ ಬಗೆದು, ಒಳಗಿನ ಪ್ರೋಗ್ರಾಮು ತಿದ್ದಿ ವೇಗ ಹೆಚ್ಚಿಸಿದ, ಕಸ ಏಳುವ ರೀತಿ ಬದಲಾಯಿಸಿದ. ಮುಂದಿನ ಬಿಲ್ಲೆ ಯಾವುದೆಂದು ಪಕ್ಕದಲ್ಲಿ ತೋರಿಸುವ ಚೌಕವನ್ನು ಕಿತ್ತೇ ಹಾಕಿದ. ನಾಳೆ ಏನು ಬರುತ್ತದೆಂದು ಯಾರಿಗೂ ಮೊದಲೇ ತೋರಿಸಿ ಕಳಿಸಿಲ್ಲ ಎಂದು ಅದಕ್ಕೊಂದು ಸಮಜಾಯಿಷಿ ಬೇರೆ. ಆದರೆ ಚೀಲವನ್ನು ಮಾತ್ರ ಮುಟ್ಟಲಿಲ್ಲ. ಏಳು ಬಗೆಯ ಬಿಲ್ಲೆಗಳನ್ನು ಒಂದು ಚೀಲಕ್ಕೆ ಹಾಕಿ ಕುಲುಕಿ ಒಂದೊಂದಾಗಿ ಹೊರಗೆ ಬಿಡುವುದು, ಏಳೂ ಮುಗಿದ ಮೇಲೆಯೇ ಮತ್ತೆ ತುಂಬುವುದು. ಹಾಗಾಗಿ ಒಂದು ಚೀಲದಲ್ಲಿ ಕೋಲು ಒಂದೇ ಒಂದು. ಬೇಕೆಂದು ಬೇಡಿಕೊಂಡರೂ ಎರಡನೆಯದಿಲ್ಲ, ಬೇಡವೆಂದರೂ ಒಂದು ತಪ್ಪದು. ಬಂದದ್ದನ್ನು ಲೆಕ್ಕವಿಟ್ಟವನಿಗೆ ಉಳಿದದ್ದು ಏನೆಂದು ಗೊತ್ತಿರುತ್ತದೆ. ಚೀಲ ಯಾರ ಮುಖ ನೋಡಿಯೂ ಮಣೆ ಹಾಕುವುದಿಲ್ಲ ಎಂದು ಅಣ್ಣ ಹೊಸಬರಿಗೆಲ್ಲ ಹೇಳುತ್ತಿದ್ದ. ತಂಗಿಗೆ ಚೀಲ ಎಣಿಸುವುದನ್ನು ಕಲಿಸಿದವನೂ ಅವನೇ.

ಆ ಗುಂಪಿನಲ್ಲಿ ಅಣ್ಣನಿಗೆ ಸರಿಸಾಟಿಯಾಗಿ ನಿಲ್ಲುತ್ತಿದ್ದವರು ಇಬ್ಬರು. ಒಬ್ಬರು ಮೇಷ್ಟ್ರು. ಕಾರು ಓಡಿಸುವುದನ್ನು ಕಲಿಸುತ್ತಿದ್ದರು, ಹಗಲೆಲ್ಲ ಬೇರೆಯವರಿಗೆ ಬ್ರೇಕು ಹಾಕೆಂದು ಹೇಳಿ ಸಂಜೆ ತಾವು ಬ್ರೇಕಿಲ್ಲದೆ ಆಡುತ್ತಿದ್ದರು. ಇನ್ನೊಬ್ಬಳು ದರ್ಜಿ, ಹಳೇ ಬಟ್ಟೆ ಬಿಚ್ಚಿ ಅಳತೆ ಸರಿಮಾಡಿ ಕೊಡುತ್ತಿದ್ದಳು. ಅವಳನ್ನು ಎಲ್ಲರೂ ಕತ್ತರಿ ಎನ್ನುತ್ತಿದ್ದರು. ಅಣ್ಣ ಗೌರವ ಸೇರಿಸಿ ಕತ್ತರಮ್ಮ ಎನ್ನುತ್ತಿದ್ದ. ಕತ್ತರಿ ಅಣ್ಣನನ್ನು ಗುರುಗಳೇ ಎಂದು ಕರೆಯುತ್ತಿದ್ದಳು, ಹಾಗೆ ಕರೆಯುತ್ತಲೇ ಅವನ ಕಾಲಡಿಗೆ ನಾಲ್ಕು ಸಾಲು ಕಸ ತಳ್ಳುತ್ತಿದ್ದಳು. ಹೊಸಬರಿರಲಿ, ಜ್ವರ ಬಂದವರಿರಲಿ, ದಯೆ ದಾಕ್ಷಿಣ್ಯ ಎಂಬುದು ಅವಳ ಹತ್ತಿರ ಸುಳಿಯುತ್ತಿರಲಿಲ್ಲ. ತಂಗಿಗೆ ಅವಳನ್ನು ಕಂಡರೆ ಅಷ್ಟಕ್ಕಷ್ಟೇ.

ಮೊದಲು ಕೈಕೊಟ್ಟದ್ದು ಅಣ್ಣನ ಎಡಗೈ. ಅಂಗಡಿಯೊಂದರ ಮುಂಬಾಗಿಲಿಗೆ ಕೂರಿಸಬೇಕಿದ್ದ ಗಾಜು ಅವನ ಬೆರಳಿನಿಂದ ತಾನೇ ಜಾರಿ ಬಿತ್ತು. ಅಣ್ಣ ಗಾಜಿನ ಚೂರುಗಳ ನಡುವೆ ನಿಂತು, ಬಿದ್ದ ಗಾಜನ್ನಲ್ಲ, ತನ್ನ ಕೈಯನ್ನು ನೋಡುತ್ತಿದ್ದನಂತೆ. ಆಮೇಲೆ ಅಂಗಿಯ ಗುಂಡಿ ಹಾಕಲು ಕಷ್ಟವಾಯಿತು, ಆಮೇಲೆ ಬಲಗೈಗೂ ಇಳಿಯಿತು. ಪರೀಕ್ಷೆಗಳ ಮೇಲೆ ಪರೀಕ್ಷೆ ಮಾಡಿದ ಡಾಕ್ಟರಮ್ಮ ಸುತ್ತಿ ಬಳಸದೆ ಹೇಳಿದರು. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುತ್ತಿವೆ, ಇದು ಹಿಂದಕ್ಕೆ ಹೋಗುವ ಕಾಯಿಲೆಯಲ್ಲ, ಕೈ ಆದ ಮೇಲೆ ಕಾಲು, ನಾಲಿಗೆ, ಕೊನೆಗೆ ಉಸಿರು.

ಉಸಿರಿನ ಮಾತು ಬಂದಾಗ ಅಣ್ಣ ತಡಮಾಡಲಿಲ್ಲ. ಗಂಟಲಿಗೆ ನಳಿಗೆ ತೂರಿಸಿಕೊಂಡು ಯಂತ್ರದ ಉಸಿರಿನಲ್ಲಿ ಮಲಗಿರುವುದು ತನಗೆ ಬೇಡ, ಆ ಹೊತ್ತು ಬಂದರೆ ಬಿಟ್ಟುಬಿಡಬೇಕು ಎಂದ. ಡಾಕ್ಟರಮ್ಮ ತಲೆಯಾಡಿಸಿದರು. ಆದರೆ ಆ ಹೊತ್ತಿಗೆ ನಿಮಗೆ ಬಾಯಿ ಇರುವುದಿಲ್ಲ, ನಿಮ್ಮ ಮಾತನ್ನು ನಿಮ್ಮ ಪರವಾಗಿ ಹೇಳುವವರು ಒಬ್ಬರು ಬೇಕು, ಯೋಚಿಸಿ ಮುಂದಿನ ಸಲ ಹೆಸರು ಹೇಳಿ ಎಂದರು. ಎದ್ದು ಬಾಗಿಲವರೆಗೂ ಬಂದು ಇನ್ನೊಂದು ಮಾತು ಸೇರಿಸಿದರು: "ಮನೆಯವರು ಆಗ್ಲಿ ಅಂತ ಒಪ್ಕೊಂಡಿರ್ತಾರೆ. ಆದ್ರೆ ಕಣ್ಣೆದುರಿಗೆ ಉಸಿರು ಕಟ್ಟಿದಾಗ ನಳಿಗೆ ಹಾಕಿ ಅಂತಾರೆ. ಅದನ್ನೂ ಯೋಚನೆ ಮಾಡಿ."

ಮನೆಗೆ ಬರುವಾಗ ಬಸ್ಸಿನಲ್ಲಿ ಅಣ್ಣ ಕಿಟಕಿಯ ಕಡೆ ಕೂತಿದ್ದ. ಗಾಜನ್ನು ಯಾವನೋ ಅರ್ಧಂಬರ್ಧ ಕೂರಿಸಿದ್ದಾನೆ, ಸಂದಿಯಲ್ಲಿ ಗಾಳಿ ಬರುತ್ತಿದೆ ಎಂದು ಗೊಣಗಿದ. ಸ್ವಲ್ಪ ದೂರ ಹೋದ ಮೇಲೆ ಕೇಳಿದ, "ನಾನು ಹೇಳಿದ್ದನ್ನ ಹೇಳಿದ ಹಾಗೇ ಹೇಳ್ತೀಯಲ್ಲ, ಪುಟ್ಟಿ?"

"ಹೇಳ್ತೀನಿ."

"ಹಾಗಾದ್ರೆ ನಿನ್ನ ಹೆಸರೇ."

ತಂಗಿಗೆ ಆಗ ಅಳು ಬಂತು, ಜೊತೆಗೆ ಒಂದು ಬಗೆಯ ಹೆಮ್ಮೆಯೂ ಬಂತು. ಅಣ್ಣ ಬದುಕಿನಲ್ಲಿ ಯಾರ ಕೈಗೂ ತನ್ನ ಗಾಜು ಕೊಯ್ಯುವ ಉಳಿಯನ್ನು ಕೊಟ್ಟವನಲ್ಲ. ಅಂಥವನು ತನ್ನ ಕೊನೆಯ ಮಾತನ್ನು ಅವಳ ಬಾಯಲ್ಲಿಟ್ಟಿದ್ದ. ಹೇಳಿಯೇ ತೀರುತ್ತೇನೆ ಎಂದು ಅವಳು ನಿಜವಾಗಿಯೂ ನಂಬಿದ್ದಳು.

ತನ್ನ ಗಾಜಿನ ಅಂಗಡಿಯನ್ನು ಬೇರೆಯವರಿಗೆ ವಹಿಸಿಕೊಟ್ಟ ಮೇಲೆ ಅಣ್ಣನಿಗೆ ಉಳಿದದ್ದು ಸಂಜೆಯ ಆಟ. ಅಲ್ಲಿಯೂ ಬಿಲ್ಲೆಗಳು ಅವನ ಮಾತು ಕೇಳುವುದನ್ನು ಬಿಟ್ಟವು. ಎಲ್ಲಿ ಹಾಕಬೇಕೆಂದು ಕಣ್ಣು ಮೊದಲೇ ನೋಡಿರುತ್ತಿತ್ತು, ಬೆರಳು ಅಲ್ಲಿಗೆ ಹೋಗುವಷ್ಟರಲ್ಲಿ ಬಿಲ್ಲೆ ಬೇರೆ ಕಡೆ ಕಚ್ಚಿಕೊಂಡಿರುತ್ತಿತ್ತು. ಮೊದಲು ಮೇಷ್ಟ್ರ ಕೈಲಿ ಸೋತ, ಆಮೇಲೆ ಎಲ್ಲರ ಕೈಲೂ ಸೋತ, ನಿನ್ನೆ ಮೊನ್ನೆ ಸೇರಿದವರೂ ಅವನನ್ನು ದಾಟಿಕೊಂಡು ಹೋದರು. ಸೋತಾಗ ಅಣ್ಣ ಏನೂ ಅನ್ನುತ್ತಿರಲಿಲ್ಲ. ಅದೇ ತಂಗಿಗೆ ನುಂಗಲಾರದ ತುತ್ತಾಯಿತು. ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುವುದು, ಗೋಡೆಯ ಕಡೆ ತಿರುಗಿ ಮಲಗುವುದು, ಕರೆದರೆ ಒಂದೇ ಸಲಕ್ಕೆ ಓಗೊಡದಿರುವುದು. ಕಾಯಿಲೆ ಅವನನ್ನು ಕೊಲ್ಲುವ ಮೊದಲು ಈ ಮೌನವೇ ಕೊಂದುಬಿಡುತ್ತದೆ ಎಂದು ಅವಳಿಗೆ ಭಯವಾಯಿತು.

ಆಟದ ಒಳಗನ್ನು ತಿದ್ದುವ ಕೆಲಸ ಅಷ್ಟರಲ್ಲಿ ಅವಳ ಕೈಗೇ ಬಂದಿತ್ತು. ಅಣ್ಣ ಮಂಚದ ಮೇಲೆ ಕೂತು ಹೇಳುತ್ತಿದ್ದ, ಅವಳು ಒತ್ತುತ್ತಿದ್ದಳು. ಒಂದು ಮಧ್ಯಾಹ್ನ ಅವನು ಮಲಗಿದ್ದಾಗ ಅವಳು ತಾನಾಗಿಯೇ ಕೂತಳು. ಬಿಲ್ಲೆ ಅಡಿ ಮುಟ್ಟಿದ ಮೇಲೆ ಕಚ್ಚಿಕೊಳ್ಳುವ ಮುನ್ನ ರೆಪ್ಪೆ ಬಡಿಯುವಷ್ಟು ಬಿಡುವಿರುತ್ತದೆ, ಆ ಬಿಡುವಿನಲ್ಲಿ ಜಾರಿಸಬಹುದು, ತಿರುಗಿಸಬಹುದು. ಅಣ್ಣನ ಕಣಕ್ಕೆ ಮಾತ್ರ ಆ ಬಿಡುವನ್ನು ಕೂದಲೆಳೆಯಷ್ಟು ಹಿಗ್ಗಿಸಿದಳು. ಕಣ್ಣು ಮಂಜಾದವರಿಗೆ ಕನ್ನಡಕ ಕೊಡುವುದಿಲ್ಲವೇ, ಇದೂ ಹಾಗೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಕನ್ನಡಕವನ್ನು ಹೇಳಿ ಕೊಡುತ್ತಾರೆ, ಕದ್ದು ಮೂಗಿನ ಮೇಲೆ ಕೂರಿಸುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ. ಹೊಳೆದಿದ್ದರೂ ಪಕ್ಕಕ್ಕೆ ಸರಿಸುತ್ತಿದ್ದಳು, ಅದು ಬೇರೆ ಮಾತು.

ಆ ಸಂಜೆ ಅಣ್ಣ ಮೇಷ್ಟ್ರನ್ನು ಸೋಲಿಸಿದ. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಅವು ಯಾರೋ ನೆಂಟರ ಮಕ್ಕಳೇನೋ ಎಂಬಂತೆ ಅಕ್ಕರೆಯಿಂದ ನೋಡಿದ. ಊಟಕ್ಕೆ ತಾನೇ ಎದ್ದು ಬಂದ. ಸಾರಿಗೆ ಉಪ್ಪು ಕಮ್ಮಿ ಎಂದು ಜಗಳ ತೆಗೆದ. ತಂಗಿ ಉಪ್ಪಿನ ಡಬ್ಬಿ ತರುವ ನೆಪದಲ್ಲಿ ಒಳಗೆ ಹೋಗಿ ಕಣ್ಣೊರೆಸಿಕೊಂಡಳು. ಎಷ್ಟೋ ದಿನಗಳಿಂದ ಆ ಮನೆಯಲ್ಲಿ ಜಗಳವೇ ಆಗಿರಲಿಲ್ಲ.

ಆದರೆ ಕಾಯಿಲೆ ಒಂದೇ ಕಡೆ ನಿಲ್ಲುವಂಥದ್ದಲ್ಲ, ಕೂದಲೆಳೆ ಸಾಲದಾಯಿತು. ಬಿಡುವನ್ನು ಇನ್ನಷ್ಟು ಹಿಗ್ಗಿಸಿದಳು. ಅವನ ಕಡೆಗೆ ಬರುವ ಕಸದಲ್ಲಿ ಒಂದು ಪಾಲನ್ನು ದಾರಿಯಲ್ಲೇ ನುಂಗುವಂತೆ ಮಾಡಿದಳು. ಒಂದು ಸುಳ್ಳಿಗೆ ಇನ್ನೊಂದನ್ನು ಕಟ್ಟುತ್ತ ಹೋಗುವುದು ಎಷ್ಟು ಸುಲಭವೆಂದರೆ, ಕೊನೆಕೊನೆಗೆ ಅದೂ ಮನೆಗೆಲಸದಲ್ಲಿ ಒಂದಾಗಿಬಿಟ್ಟಿತು. ಗುಂಪಿನವರು ಗುರುಗಳು ಮತ್ತೆ ಚಿಗುರಿದರು ಎಂದು ಹೊಗಳಿದರು. ಹೊಗಳದೆ ಇದ್ದವಳು ಕತ್ತರಿ ಒಬ್ಬಳೇ. ಅವಳು ಒಂದು ದಿನ ಲ್ಯಾಬಿಗೇ ಫೋನು ಮಾಡಿದಳು.

ತಾನು ಸೋತೆನೆಂದು ದೂರುತ್ತಿಲ್ಲ ಎಂದೇ ಶುರು ಮಾಡಿದಳು. ತಾನು ಕಳಿಸಿದ್ದು ಪೂರ್ತಿ ಅಲ್ಲಿಗೆ ತಲುಪುತ್ತಿಲ್ಲ, ಬಟ್ಟೆ ಅಳೆಯುವ ಕಣ್ಣಿಗೆ ಅಷ್ಟು ತಿಳಿಯದೇ ಎಂದಳು. ತಂಗಿ ಮೊದಲು ಜಾರಿಕೊಳ್ಳಲು ನೋಡಿದಳು, ಬೇಳೆ ಬೇಯಲಿಲ್ಲ. ಕೊನೆಗೆ ಗೋಗರೆದಳು: ಅವನಿಗೆ ಉಳಿದಿರುವುದು ಇದೊಂದೇ, ದಯವಿಟ್ಟು ಸುಮ್ಮನಿರಿ. ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ನಾನು ಬಾಯಿ ಬಿಡೋದಿಲ್ಲ," ಎಂದಳು ಕತ್ತರಿ. "ಆದ್ರೆ ಕೈ ಬಿಗಿಹಿಡಿದೂ ಆಡೋದಿಲ್ಲ. ಅವರಿಗೆ ನಾನು ಹಾಗೆ ಮಾಡ್ಲಾರೆ."

ಕಲ್ಲು ಹೃದಯದ ಹೆಂಗಸು ಎಂದು ತಂಗಿ ಫೋನಿಟ್ಟಳು. ಆ ವಾರ ಅವಳ ನಿದ್ದೆ ಪೂರಾ ಕೆಟ್ಟಿತ್ತು. ಅಣ್ಣನಿಗೆ ಈಗ ತುತ್ತನ್ನು ಬಾಯಿಗಿಡಬೇಕಾಗಿತ್ತು, ಮಾತು ದಪ್ಪವಾಗಿತ್ತು, ಹೆಸರು ಹೇಳಬೇಕಾದ ಭೇಟಿ ಹತ್ತಿರ ಬಂದಿತ್ತು. ಲ್ಯಾಬಿನಲ್ಲಿ ಅವಳು ಮಾಡಿದ ಸೆಟ್ಟೊಂದು ವಾಪಸು ಬಂತು. ಎರಡೂ ಕಡೆ ಎಡಗಡೆಯ ಕೋರೆಹಲ್ಲನ್ನೇ ಕೂರಿಸಿದ್ದಳು. ಇದನ್ನು ಹಾಕಿಕೊಂಡವರು ನಕ್ಕರೆ ಕನ್ನಡಿಯೇ ಗಾಬರಿಯಾದೀತು ಎಂದು ಮೇಲ್ವಿಚಾರಕ ತಮಾಷೆ ಮಾಡಿದ. ಅವಳಿಗೆ ನಗು ಬರಲಿಲ್ಲ. ಅಂಥ ನಿದ್ದೆಗೆಟ್ಟ ತಲೆ ಇಟ್ಟುಕೊಂಡೇ ಮನೆಗೆ ಬಂದು ಆಟದ ಚೀಲಕ್ಕೆ ಕೈ ಹಾಕಿದಳು.

ಅಣ್ಣನ ರಾಶಿ ನೆತ್ತಿಯ ಹತ್ತಿರ ಬಂದು, ಅಂಚಿನ ಓಣಿ ಖಾಲಿ ಇದ್ದರೆ, ಮುಂದಿನ ಬಿಲ್ಲೆ ಕೋಲೇ ಆಗಲಿ ಎಂದು ಬರೆದಳು. ಹಾಗೆ ಕೊಟ್ಟ ಮೇಲೆ ಚೀಲದೊಳಗೆ ಉಳಿದಿರುವ ಕೋಲನ್ನು ತೆಗೆದುಹಾಕಬೇಕು ಎಂಬುದು ಮರೆತೇ ಹೋಯಿತು. ಚೀಲ ಎಣಿಸಲು ಕಲಿತವಳು ಮರೆಯಬಾರದ ಒಂದೇ ಸಂಗತಿ ಅದು.

ಸಂಜೆ ಆಟ ಬಿರುಸಾಗಿತ್ತು. ಉಳಿದವರೆಲ್ಲ ಬಿದ್ದು ಕೊನೆಗೆ ಅಣ್ಣ ಮತ್ತು ಕತ್ತರಿ ಇಬ್ಬರೇ ನಿಂತಿದ್ದರು. ಅಣ್ಣನ ರಾಶಿ ನೆತ್ತಿಯ ಹತ್ತಿರ ಬಂದಿತ್ತು. ಕೋಲು ಬಂತು. ಅದನ್ನು ಓಣಿಗೆ ಇಳಿಸಿದ, ನಾಲ್ಕು ಸಾಲು ಹೋದವು, ಪಕ್ಕದ ಕುರ್ಚಿಯಲ್ಲಿ ಕೂತ ತಂಗಿ ಉಸಿರು ಬಿಟ್ಟಳು. ಎರಡು ಬಿಲ್ಲೆ ಕಳೆದು ಮತ್ತೆ ಕೋಲು ಬಂತು.

ಅಣ್ಣ ಕೈಯೆತ್ತಿದ. ಬಹಳ ಕಷ್ಟಪಟ್ಟು ಎರಡೂ ಕೈಗಳನ್ನು ಕೀಲಿಮಣೆಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ಕೋಲು ತಾನಾಗಿ ಬಂದು ನಡುವೆ ಅಡ್ಡಡ್ಡ ಕೂತಿತು. ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ರಾಶಿ ನೆತ್ತಿ ಮುಟ್ಟಿ ಪರದೆ ಬೂದುಬಣ್ಣಕ್ಕೆ ತಿರುಗಿತು. ಹೆಡ್‌ಫೋನಿನಲ್ಲಿ ಕತ್ತರಿ ಏನಾಯಿತು ಗುರುಗಳೇ ಎಂದು ಕೇಳುತ್ತಿದ್ದಳು. ಅಣ್ಣ ತಲೆ ಕೊಡವಿ ಅದನ್ನು ಕುತ್ತಿಗೆಗೆ ಬೀಳಿಸಿಕೊಂಡ.

"ಒಂದೇ ಚೀಲದಲ್ಲಿ ಎರಡು ಕೋಲು ಬಂತು," ಎಂದ.

ಅವಳು ಕೀಲಿಮಣೆಯನ್ನು ತನ್ನತ್ತ ಎಳೆದುಕೊಂಡಳು. "ಎಲ್ಲೋ ತಪ್ಪಾಗಿರ್ಬೇಕು. ನೋಡ್ತೀನಿ."

"ನೋಡೋದೇನಿದೆ. ಬರೆದವಳು ನೀನೇ ಅಲ್ವಾ."

ಅವನ ದನಿಯಲ್ಲಿ ಸಿಟ್ಟಿದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು, ತಾನೂ ನಾಲ್ಕು ಮಾತು ಆಡುತ್ತಿದ್ದಳು. ಸಿಟ್ಟಿರಲಿಲ್ಲ. ಎಂದಿನಿಂದ ಎಂದು ಕೇಳಿದ, ಹೇಳಿದಳು. ಇನ್ನೇನು ಮಾಡಿದ್ದೀ ಎಂದು ಕೇಳಿದ, ಬಿಡುವು ಹಿಗ್ಗಿಸಿದ್ದು, ಕಸ ನುಂಗಿಸಿದ್ದು ಎಲ್ಲ ಒಪ್ಪಿಸಿದಳು. ಅವನು ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡ.

"ಮೇಷ್ಟ್ರನ್ನ ಸೋಲಿಸಿದ್ದು?"

ಅದೂ ಹಾಗೇ ಎಂದಳು.

"ಅದರಲ್ಲಿ ನಂದು ಅಂತ ಒಂದಾದ್ರೂ ಇತ್ತಾ?"

"ಇದ್ದಿರ್ಬೇಕು ಅಣ್ಣ. ಯಾವುದು ಅಂತ ನನಗೂ ಗೊತ್ತಿಲ್ಲ."

ಅದು ನಿಜ, ಅವಳು ಹೇಳಬಾರದಿದ್ದ ನಿಜವೂ ಅದೇ. ಕೈ ಸೋತರೂ ಕೊನೆಯವರೆಗೆ ಕೆಲವು ಆಟವನ್ನಾದರೂ ಗೆದ್ದೆ ಎಂಬ ತೃಪ್ತಿ ಅವನಿಗೆ ಉಳಿಯಬಹುದಿತ್ತು. ಅವಳ ದಯೆ ಅದನ್ನೂ ಕಲಬೆರಕೆ ಮಾಡಿಟ್ಟಿತ್ತು. ಅಣ್ಣ ಎಲ್ಲವನ್ನೂ ತೆಗೆದುಹಾಕಲು ಹೇಳಿದ. ತೆಗೆಯುವಾಗ ಒಂದೊಂದು ಸಾಲನ್ನೂ ಓದಿಸಿ ಕೇಳಿದ. ಅವಳು ಓದುತ್ತ ಅಳಿಸುತ್ತ ಹೋದಳು.

ಮುಗಿದ ಮೇಲೆ ಅವನು ತನ್ನ ಕುರ್ಚಿಯನ್ನು ಮೇಜಿನ ಹತ್ತಿರ ಎಳೆಯಲು ಹೇಳಿದ.

"ಒಂದಾಟ ಆಡು ನನ್ನ ಜೊತೆ. ನಾವಿಬ್ಬರೇ. ಸೋಲಿಸು ನನ್ನ."

"ಈಗ ಬೇಡ ಅಣ್ಣ."

"ಈಗ್ಲೇ. ಡಾಕ್ಟರ ಹತ್ರ ನಿನ್ನ ಹೆಸರು ಹೇಳ್ಬೇಕು ಅಂತಿದೀನಿ. ನನಗೆ ಬೇಕಾದ್ದನ್ನ ಹೇಳ್ತೀಯಾ, ನಿನಗೆ ಬೇಕಾದ್ದನ್ನ ಹೇಳ್ತೀಯಾ ಅಂತ ತಿಳೀಬೇಕಲ್ಲ. ಕೈ ಬಿಗಿಹಿಡೀಬೇಡ. ಸೋಲಿಸು, ಸಾಕು."

ಅವಳು ಕೂತಳು. ತನ್ನ ಪರೀಕ್ಷೆ ನಡೆಯುತ್ತಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಸೋಲಿಸುವುದು ನೀರು ಕುಡಿದಷ್ಟು ಸುಲಭ ಎಂದೂ ಗೊತ್ತಿತ್ತು. ಹಲ್ಲು ಕಚ್ಚಿ ಆಡಿದಳು. ಬಿಲ್ಲೆಗಳು ಒಂದರ ಪಕ್ಕ ಒಂದು ಕೂತವು, ಅಂಚಿನಲ್ಲಿ ಓಣಿ ನೇರವಾಗಿ ಇಳಿದಿತ್ತು. ಅಣ್ಣನ ಕಣದಲ್ಲಿ ಎಲ್ಲೆಲ್ಲೂ ತೂತು. ಎಡಗೈ ಏಳುತ್ತಲೇ ಇರಲಿಲ್ಲ, ಬಲಗೈಯ ಒಂದೇ ಬೆರಳಿನಲ್ಲಿ ಒದ್ದಾಡುತ್ತಿದ್ದ. ಅವನ ರಾಶಿ ಏರಿ ಏರಿ ನೆತ್ತಿಗೆ ಮೂರೇ ಸಾಲು ಉಳಿದಿತ್ತು. ಅವಳ ಚೀಲದಲ್ಲಿ ಏನು ಉಳಿದಿದೆ ಎಂದು ಇಬ್ಬರಿಗೂ ಗೊತ್ತಿತ್ತು. ಕೋಲೊಂದೇ.

ಕೋಲು ಬಂತು. ಓಣಿಗೆ ಇಳಿಸಿದರೆ ನಾಲ್ಕು ಸಾಲು, ಅಲ್ಲಿಗೆ ಅಣ್ಣನ ಕಥೆ ಮುಗಿಯಿತು. ಅವಳು ಕೋಲನ್ನು ಅಂಚಿನವರೆಗೂ ತಂದಳು. ಆ ಕ್ಷಣ ಪಕ್ಕದಲ್ಲಿ ಅಣ್ಣನ ಉಸಿರು ಸಣ್ಣಗೆ ಎಳೆದದ್ದು ಕೇಳಿಸಿತು, ದಣಿದಾಗ ಎಲ್ಲರೂ ಎಳೆಯುವಂಥದ್ದೇ. ಕೋಲು ಓಣಿಗೆ ಇಳಿಯದೆ ಪಕ್ಕದ ರಾಶಿಯ ಮೇಲೆ ಉದ್ದಕ್ಕೆ ನಿಂತಿತು. ಹಾಗೆ ಮಾಡಬೇಕೆಂದು ಅವಳು ಅಂದುಕೊಂಡಿರಲಿಲ್ಲ. ಅಂದುಕೊಂಡಿದ್ದರೆ ತಡೆಯಬಹುದಿತ್ತು.

ಅಣ್ಣ ಅವಳ ಪರದೆಯ ಕಡೆ ನೋಡಿದ. ಎಷ್ಟೋ ಹೊತ್ತು ನೋಡಿದ. ಎರಡೂ ಕಣದಲ್ಲಿ ಬಿಲ್ಲೆಗಳು ತಾವಾಗಿ ಬೀಳುತ್ತಿದ್ದವು.

"ನೋಡಿದ್ಯಾ," ಎಂದ, ಮೆಲ್ಲಗೆ. ಬೈಗುಳವಿರಲಿಲ್ಲ ಅದರಲ್ಲಿ. "ನಿನ್ನ ತಪ್ಪಲ್ಲ ಬಿಡು."

ಇನ್ನೊಂದು ಆಟ ಆಡೋಣ ಎಂದು ಅವಳು ಅಂಗಲಾಚಿದಳು. ಈ ಸಲ ಖಂಡಿತ ಎಂದಳು. ಅವನು ಕೀಲಿಮಣೆಯನ್ನು ಒಂದು ಬೆರಳಿನಿಂದ ಮೆಲ್ಲಗೆ ದೂರ ತಳ್ಳಿ, ಹಸಿವಾಗಿದೆ, ತಟ್ಟೆ ಹಾಕು ಎಂದ. ಅವಳು ತುತ್ತಿಟ್ಟಳು, ಅವನು ತಿಂದ. ಉಪ್ಪಿನ ಮಾತೇ ಬರಲಿಲ್ಲ.

ಆಸ್ಪತ್ರೆಯ ದಿನ ಕತ್ತರಿ ನೇರವಾಗಿ ತನ್ನ ಹೊಲಿಗೆ ಅಂಗಡಿಯಿಂದಲೇ ಬಂದಿದ್ದಳು. ತಂಗಿ ಅವಳನ್ನು ಮುಖತಃ ಕಂಡದ್ದು ಅದೇ ಮೊದಲು. ಗಿಡ್ಡನೆಯ ಹೆಂಗಸು, ಕತ್ತಿನಲ್ಲಿ ಅಳತೆಯ ಪಟ್ಟಿ ಹಾಗೇ ಇಳಿಬಿದ್ದಿತ್ತು, ತೆಗೆಯುವುದು ಮರೆತಿದ್ದಳು. ನನ್ನ ಪರವಾಗಿ ಆ ಮಾತು ಹೇಳುತ್ತೀರಾ ಎಂದು ಅಣ್ಣ ಫೋನಿನಲ್ಲಿ ಕೇಳಿದಾಗ ಅವಳು ಏಕೆ ಎತ್ತ ಎನ್ನದೆ ಆಗಲಿ ಎಂದಿದ್ದಳಂತೆ. ಡಾಕ್ಟರಮ್ಮ ತಂಗಿಯ ಮುಖವನ್ನೊಮ್ಮೆ, ಈ ಹೊಸಬಳ ಮುಖವನ್ನೊಮ್ಮೆ ನೋಡಿದರು.

"ನೀವು ಇವರಿಗೆ ಏನಾಗ್ಬೇಕು?"

"ಎದುರಾಳಿ," ಎಂದಳು ಕತ್ತರಿ.

ಅಣ್ಣ ನಕ್ಕ. ನಗು ಈಗ ಮೂಗಿನಿಂದ ಬರುತ್ತಿತ್ತು, ಆದರೂ ನಗುವೇ. ಡಾಕ್ಟರಮ್ಮ ಏನೂ ಅರ್ಥವಾಗದೆ ತಂಗಿಯ ಕಡೆ ತಿರುಗಿದರು, ನಿಮ್ಮ ಒಪ್ಪಿಗೆ ಇದೆಯೇ ಎಂದು ಕೇಳಿದರು. ಇದೆ ಎಂದಳು ತಂಗಿ. ಆಗ ಅವಳಿಗೆ ಅನ್ನಿಸಿದ್ದು ಅವಮಾನ ಎಂದರೆ ಅರ್ಧ ಸುಳ್ಳು. ಅವಮಾನದ ಅಡಿಯಲ್ಲಿ ದೊಡ್ಡದೊಂದು ನಿರಾಳವೂ ಇತ್ತು, ಆ ನಿರಾಳಕ್ಕೆ ಅವಳು ತನ್ನನ್ನು ಇಂದಿಗೂ ಕ್ಷಮಿಸಿಕೊಂಡಿಲ್ಲ.

ಅಲ್ಲಿಂದ ಮೂವರೂ ಮನೆಗೆ ಬಂದರು. ಅಣ್ಣನೇ ಕರೆದದ್ದು. ಕತ್ತರಿ ಮೇಲಂಗಿಯನ್ನು ಕುರ್ಚಿಗೆ ತೂಗುಹಾಕಿ ತಂಗಿಯ ಜಾಗದಲ್ಲಿ ಕೂತಳು, ಕೀಲಿಮಣೆಯನ್ನು ತನ್ನ ಅಳತೆಗೆ ಸರಿಸಿಕೊಂಡಳು. ತಂಗಿ ಬಾಗಿಲಲ್ಲಿ ನಿಂತಳು. ಆಟ ಶುರುವಾದದ್ದೂ ಗೊತ್ತಾಗಲಿಲ್ಲ, ಮುಗಿದದ್ದೂ ಗೊತ್ತಾಗಲಿಲ್ಲ. ಕತ್ತರಿ ಒಂದು ಸಲವೂ ಅವನ ಕಡೆ ನೋಡದೆ, ಕೋಲು ಬಂದಾಗ ಕಣ್ಣು ಕೂಡ ಮಿಟುಕಿಸದೆ ಓಣಿಗೆ ಇಳಿಸಿದಳು. ಅಣ್ಣ ಒಂದೂ ಸಾಲು ಅಳಿಸುವ ಮೊದಲೇ ಸೋತಿದ್ದ. ಇನ್ನೊಂದು ಎಂದ. ಅದನ್ನೂ ಸೋತ. ಅವನ ಮುಖದಲ್ಲಿ ಬಹಳ ದಿನಗಳಿಂದ ಕಾಣದಿದ್ದ ನೆಮ್ಮದಿಯನ್ನು ತಂಗಿ ಕಂಡಳು. ಅದನ್ನು ಕೊಡಲು ಅವಳು ಏನೇನೋ ಮಾಡಿದ್ದಳು, ಕೊಟ್ಟವಳು ಬೇರೊಬ್ಬಳು.

ಹೊತ್ತು ಮುಳುಗುವ ಮುಂಚೆ ಕತ್ತರಿ ಹೊರಟಳು. ತಂಗಿ ಕೆಳಗಿನ ಬಾಗಿಲವರೆಗೆ ಬಿಟ್ಟು ಬರಲು ಹೋದಳು. ಎರಡನೇ ಮಹಡಿಯ ತಿರುವಿನಲ್ಲಿ ಕತ್ತರಿ ಮೇಲಂಗಿಯ ಗುಂಡಿ ಹಾಕಲು ನಿಂತಳು. ಗುಂಡಿ ತೂತಿಗೆ ಹೋಗಲಿಲ್ಲ. ಮತ್ತೆ ಹಾಕಿದಳು, ಮತ್ತೆ ಜಾರಿತು. ದಿನವಿಡೀ ಊರಿನವರ ಗುಂಡಿ ಹೊಲಿಯುವ ಕೈ ಎಲೆಯಂತೆ ನಡುಗುತ್ತಿತ್ತು. ಅವಳು ಎರಡೂ ಕೈಗಳನ್ನು ಜೇಬಿಗೆ ಹಾಕಿಕೊಂಡು ಗೋಡೆಗೆ ಒರಗಿದಳು.

"ಆ ಹೊತ್ತು ಬಂದಾಗ ನಿಮ್ಮಿಂದ ಆಗುತ್ತಾ?" ಎಂದು ತಂಗಿ ಕೇಳಿದಳು.

"ಗೊತ್ತಿಲ್ಲಮ್ಮ," ಎಂದಳು ಕತ್ತರಿ. ಮೇಲಿನ ಮೆಟ್ಟಿಲ ಕಡೆ ನೋಡಿ, "ಇದನ್ನ ಅವರಿಗೆ ಹೇಳ್ಬೇಡಿ," ಎಂದಳು.

ತಂಗಿ ಹತ್ತಿರ ಹೋಗಿ, ಅಣ್ಣನಿಗೆ ದಿನಾ ಹಾಕುವಂತೆ, ಕೆಳಗಿನಿಂದ ಕತ್ತಿನವರೆಗೆ ಒಂದೊಂದೇ ಗುಂಡಿ ಹಾಕಿದಳು. ಅಳತೆಯ ಪಟ್ಟಿಯನ್ನು ಸುತ್ತಿ ಅವಳ ಜೇಬಿಗಿಟ್ಟಳು. ಕತ್ತರಿ ಮೆಟ್ಟಿಲ ಪಕ್ಕದ ಕಟಕಟೆ ಹಿಡಿದು ಇಳಿದು ಹೋದಳು.

ಮೇಲೆ ಬಂದಾಗ ಅಣ್ಣ ಕುರ್ಚಿಯಲ್ಲೇ ಇದ್ದ. ಪರದೆಯಲ್ಲಿ ಸೋತ ಕಣ ಹಾಗೇ ಇತ್ತು.

"ಹೋದ್ರಾ?"

"ಹೋದ್ರು."

"ಗಟ್ಟಿ ಹೆಂಗಸು," ಎಂದ ಅಣ್ಣ. "ಕೈ ಒಂದಿಷ್ಟೂ ಅಲ್ಲಾಡೋದಿಲ್ಲ, ನೋಡಿದ್ಯಾ?"

"ನೋಡಿದೆ," ಎಂದು ತಂಗಿ ದೀಪ ಹಾಕಿದಳು.